ಹಳೆಯ ಆಟದ ಪೆಟ್ಟಿಗೆಯ ಹೊಸ ಅವತಾರ

1977ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಅಂಗಡಿಗಳಿಗೆ ಕರಿಯ ಪೆಟ್ಟಿಗೆಯೊಂದು ಬಂದಿತು. ಮುಂಭಾಗದಲ್ಲಿ ಮರದ ಹಲಗೆಯಂತೆ ತೋರುವ ಪಟ್ಟಿ, ಮೇಲೆ ಆರು ಸ್ವಿಚ್ಚುಗಳು, ನಡುವೆ ಉದ್ದನೆಯ ಒಂದು ಸೀಳು. ಬೆಲೆ ಸುಮಾರು 200 ಡಾಲರು. ಇದನ್ನು ಮನೆಯ ಟೆಲಿವಿಷನ್ನಿಗೆ ಜೋಡಿಸಿ, ಆಟವನ್ನು ಒಳಗೊಂಡ ಕಾರ್ಟ್ರಿಜ್ಜನ್ನು ಆ ಸೀಳಿನಲ್ಲಿ ಕೂಡಿಸಿದರೆ ಪರದೆಯ ಮೇಲೆ ಎರಡು ಟ್ಯಾಂಕುಗಳು ಕಾದಾಡತೊಡಗುತ್ತಿದ್ದವು. ಕಾರ್ಟ್ರಿಜ್ಜನ್ನು ಬದಲಿಸಿದರೆ ಆಟವೂ ಬದಲಾಗುತ್ತಿದ್ದಿತು. ತಯಾರಕರಾದ ಅಟಾರಿ ಸಂಸ್ಥೆಯವರು ಮೊದಲು ಇದನ್ನು 'ವಿಡಿಯೊ ಕಂಪ್ಯೂಟರ್ ಸಿಸ್ಟಂ' ಎಂದು ಕರೆದರು. 1982ರಲ್ಲಿ 'ಅಟಾರಿ 2600' ಎಂಬ ಹೆಸರು ಬಂದಿತು. 1992ರ ಆರಂಭದಲ್ಲಿ ತಯಾರಿಕೆ ನಿಂತಾಗ ಹೆಚ್ಚುಕಡಮೆ ಮೂರು ಕೋಟಿ ಪೆಟ್ಟಿಗೆಗಳು ಮಾರಾಟವಾಗಿದ್ದವು.

2023ರ ನವೆಂಬರಿನಲ್ಲಿ ಅದೇ ಪೆಟ್ಟಿಗೆ 'ಅಟಾರಿ 2600+' ಎಂಬ ಹೆಸರಿನಿಂದ ಮತ್ತೆ ಮಾರುಕಟ್ಟೆಗೆ ಇಳಿಯಿತು. ಗಾತ್ರದಲ್ಲಿ ಮೂಲದ ಐದನೆಯ ನಾಲ್ಕು ಪಾಲು. ಅದೇ ಮರದ ಪಟ್ಟಿ, ಅದೇ ಸೀಳು. ನಲವತ್ತು ವರ್ಷ ಹಿಂದಿನ ಕಾರ್ಟ್ರಿಜ್ಜುಗಳನ್ನೂ ಇದು ಆಡಿಸಬಲ್ಲುದು. ಹೊರಟಾಗ ಬೆಲೆ 130 ಡಾಲರು. ಜೊತೆಗೆ ಒಂದು ಜಾಯ್‌ಸ್ಟಿಕ್ಕನ್ನೂ ಹತ್ತು ಆಟಗಳುಳ್ಳ ಒಂದು ಕಾರ್ಟ್ರಿಜ್ಜನ್ನೂ ಕೊಟ್ಟಿದ್ದರು.

ಇದನ್ನು ಕೊಳ್ಳಬೇಕೆ, ಬೇಡವೆ? ಈ ಬಗೆಯ ಸರಕಿನ ವಿಷಯದಲ್ಲಿ ಸಾಮಾನ್ಯವಾಗಿ ಬೆಲೆಯ ಮಾತು, ಬಾಲ್ಯದ ನೆನಪಿನ ಮಾತು ಇವೆರಡೇ ಕೇಳಿಬರುತ್ತವೆ. ಭೌತಶಾಸ್ತ್ರದ ಪಾಠ ಹೇಳುವವನಾದ ನನಗೆ ಇವುಗಳಿಗೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ ಎಂದು ತೋರುತ್ತದೆ. ಹೊಸ ಪೆಟ್ಟಿಗೆಯೊಳಗೆ ಹಳೆಯ ಯಂತ್ರ ಇದೆಯೆ? ಇಲ್ಲ. ಅದರ ಒಂದು ಚಿಪ್ಪೂ ಇಲ್ಲ. ಇರುವುದೇನು, ಇಲ್ಲದಿರುವುದರಿಂದ ಆಡುವವನ ಕೈಗೆ ಯಾವ ವ್ಯತ್ಯಾಸ ತಿಳಿಯುತ್ತದೆ ಎಂಬುದನ್ನು ಅರಿತರೆ ಕೊಳ್ಳುವ ಪ್ರಶ್ನೆ ಬಹುಮಟ್ಟಿಗೆ ತಾನಾಗಿಯೇ ಬಗೆಹರಿಯುತ್ತದೆ.

ಅದಕ್ಕಾಗಿ ಹಳೆಯ ಟೆಲಿವಿಷನ್ನಿನ ಚಿತ್ರನಳಿಗೆಯನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ಗಾಜಿನ ಆ ದೊಡ್ಡ ಬುರುಡೆಯ ಕೊರಳಿನಿಂದ ಎಲೆಕ್ಟ್ರಾನುಗಳ ಸಣ್ಣ ಧಾರೆ ಹೊರಟು, ಪರದೆಯ ಒಳಮೈಗೆ ಬಳಿದ ಫಾಸ್ಫರ್ ಎಂಬ ಲೇಪಕ್ಕೆ ಬಡಿಯುತ್ತದೆ; ಬಡಿದ ಬಿಂದು ಬೆಳಗುತ್ತದೆ. ಕಾಂತಕ್ಷೇತ್ರದಿಂದ ಆ ಧಾರೆಯನ್ನು ಎಡದಿಂದ ಬಲಕ್ಕೆ, ಗೆರೆಯ ಕೆಳಗೆ ಗೆರೆಯಾಗಿ, ಉತ್ತಂತೆ ಓಡಿಸುತ್ತಾರೆ. ಅಟಾರಿ ಪೆಟ್ಟಿಗೆ ಅಮೆರಿಕದ ಪದ್ಧತಿಯಂತೆ ಕಳುಹಿಸುತ್ತಿದ್ದ ಚಿತ್ರಕ್ಕೆ 262 ಗೆರೆಗಳು. ಒಂದೊಂದು ಗೆರೆಗೆ ಸುಮಾರು 63.5 ಮೈಕ್ರೊಸೆಕೆಂಡು. ಹೀಗೆ ಸೆಕೆಂಡಿಗೆ ಅರುವತ್ತು ಸಲ ಇಡಿಯ ಚಿತ್ರ ಹೊಸದಾಗಿ ಬರೆಯಲ್ಪಡುತ್ತದೆ. ಯಾವ ಕ್ಷಣದಲ್ಲಿಯೂ ಪರದೆಯ ಮೇಲೆ ಪೂರ್ಣ ಚಿತ್ರವೆಂಬುದು ಇರುವುದೇ ಇಲ್ಲ. ಓಡುವ ಒಂದು ಚುಕ್ಕೆ, ಅದರ ಹಿಂದೆ ಆರುತ್ತಿರುವ ಬೆಳಕು, ಇಷ್ಟೆ. ಪೂರ್ಣವಾಗಿ ಕಾಣುವುದು ನಮ್ಮ ಕಣ್ಣಿನ ಗುಣ.

ಆಟದ ಚಿತ್ರವನ್ನು ಈ ಧಾರೆಗೆ ಒದಗಿಸುವುದು ಹೇಗೆ? ಇಡಿಯ ಚಿತ್ರವನ್ನು ಮೊದಲು ಮೆಮೊರಿಯಲ್ಲಿ ಬರೆದಿಟ್ಟುಕೊಂಡು, ಅಲ್ಲಿಂದ ಒಂದೊಂದೇ ಗೆರೆಯನ್ನು ಕಳುಹಿಸುವುದು ಸಹಜವಾದ ಮಾರ್ಗ. ಅಟಾರಿಯ ಚಿತ್ರದಲ್ಲಿ ಅಡ್ಡಕ್ಕೆ 160 ಬಿಂದುಗಳು. ಆಟಕ್ಕೆ ಬಳಸುವ ಗೆರೆಗಳು ಸಾಮಾನ್ಯವಾಗಿ 192. ಗುಣಿಸಿದರೆ 30,720 ಬಿಂದುಗಳು. ಬಣ್ಣವನ್ನು ಬಿಟ್ಟು, ಬೆಳಕೋ ಕತ್ತಲೆಯೋ ಎಂಬುದನ್ನಷ್ಟೇ ಗುರುತಿಸಿದರೂ 3,840 ಬೈಟುಗಳು ಬೇಕು. ಆ ಪೆಟ್ಟಿಗೆಯಲ್ಲಿದ್ದ ಮೆಮೊರಿ 128 ಬೈಟು! ಬೇಕಾದುದರ ಮೂವತ್ತನೆಯ ಒಂದು ಪಾಲು. ಆ ಕಾಲದಲ್ಲಿ ಮೆಮೊರಿ ಅಷ್ಟು ದುಬಾರಿ.

ಆದುದರಿಂದ ಜೇ ಮೈನರ್ ಮತ್ತು ಅವರ ಸಂಗಡಿಗರು ಬೇರೊಂದು ಹಾದಿಯನ್ನು ಹಿಡಿದರು. ಅವರು ರಚಿಸಿದ ಚಿತ್ರದ ಚಿಪ್ಪಿಗೆ ತಿಳಿದಿದ್ದುದು ಒಂದೇ ಒಂದು ಗೆರೆ: ಎರಡು ಆಟಗಾರರ ಆಕೃತಿ, ಎರಡು ಗುಂಡು, ಒಂದು ಚೆಂಡು, ಹಿನ್ನೆಲೆ. ಧಾರೆ ಆ ಗೆರೆಯನ್ನು ದಾಟಿ ಮುಂದಿನ ಗೆರೆಗೆ ಬರುವಷ್ಟರಲ್ಲಿ ಪ್ರೊಸೆಸರು ಈ ಚಿಪ್ಪಿಗೆ ಹೊಸ ವಿವರಗಳನ್ನು ಹೇಳಿ ಮುಗಿಸಬೇಕು. ಕಂಪನಿ ನಾಟಕಗಳಲ್ಲಿ ಮಾತು ಮರೆತ ನಟನಿಗೆ ಪರದೆಯ ಹಿಂದಿನಿಂದ ಒಂದೊಂದೇ ಮಾತನ್ನು ಹೇಳಿಕೊಡುವವನಿರುತ್ತಿದ್ದನಲ್ಲ, ಅವನ ಕೆಲಸ ಇದು. ಇಲ್ಲಿಯ ನಟನಿಗೆ ಮುಂದಿನ ಮಾತು ಎಂದೂ ಗೊತ್ತಿಲ್ಲ. ಹೇಳುವವನು ಕ್ಷಣ ತಡವರಿಸಿದರೆ ಹಿಂದಿನ ಮಾತನ್ನೇ ಮತ್ತೆ ಆಡಿಬಿಡುತ್ತಾನೆ. ಪ್ರೊಸೆಸರಿನ ವೇಗ ಸೆಕೆಂಡಿಗೆ ಸುಮಾರು 11 ಲಕ್ಷ 90 ಸಾವಿರ ಬಡಿತ. ಒಂದು ಗೆರೆಯ ಅವಧಿಯಲ್ಲಿ ಅದಕ್ಕೆ ದೊರೆಯುವುದು ಸರಿಯಾಗಿ 76 ಬಡಿತ. ಒಂದೊಂದು ಆಜ್ಞೆಗೆ ಎರಡರಿಂದ ಏಳು ಬಡಿತ ಖರ್ಚಾಗುವುದರಿಂದ, ಗೆರೆಯೊಂದಕ್ಕೆ ಇಪ್ಪತ್ತೈದರಷ್ಟು ಆಜ್ಞೆಗಳಲ್ಲಿ ಎಲ್ಲವನ್ನೂ ಮುಗಿಸಬೇಕು. ಅಂಕಗಳನ್ನು ಎಣಿಸುವುದು, ಗುಂಡು ತಗುಲಿತೇ ಎಂದು ನೋಡುವುದು, ಆಡುವವನ ಕೈ ಎತ್ತ ವಾಲಿದೆ ಎಂದು ವಿಚಾರಿಸುವುದು ಇವೆಲ್ಲವೂ ಚಿತ್ರದ ಮೇಲೂ ಕೆಳಗೂ ಕಾಣದೆ ಹೋಗುವ 70 ಗೆರೆಗಳ ಬಿಡುವಿನಲ್ಲಿ ನಡೆಯಬೇಕು. ಆ ಕಾರ್ಯಕ್ರಮಗಳನ್ನು ಬರೆದವರು ಬಡಿತಗಳನ್ನು ಕೈಯಲ್ಲಿ ಎಣಿಸುತ್ತಿದ್ದರು. ಯಂತ್ರ ಬಡವಾಗಿದ್ದಿತು, ಬುದ್ಧಿಗೆ ಬಡತನವಿರಲಿಲ್ಲ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆ ಯಂತ್ರದ ಅರ್ಧಭಾಗ ಪೆಟ್ಟಿಗೆಯಲ್ಲಿದ್ದರೆ ಉಳಿದರ್ಧ ಚಿತ್ರನಳಿಗೆಯಲ್ಲಿಯೇ ಇದ್ದಿತು. 1982ರ 'ಪ್ಯಾಕ್-ಮ್ಯಾನ್' ಕಾರ್ಟ್ರಿಜ್ಜನ್ನೇ ತೆಗೆದುಕೊಳ್ಳೋಣ. ಎರಡು ಆಕೃತಿಗಳಲ್ಲಿ ಒಂದು ನಾಯಕನಿಗೆ ಮೀಸಲು. ನಾಲ್ಕು ಭೂತಗಳಿಗೆ ಉಳಿದುದು ಒಂದೇ. ಆದುದರಿಂದ ಚಿತ್ರಕ್ಕೊಂದರಂತೆ ಸರದಿಯಲ್ಲಿ ಭೂತಗಳನ್ನು ಬರೆದರು. ಪ್ರತಿಯೊಂದು ಭೂತವೂ ಸೆಕೆಂಡಿಗೆ ಹದಿನೈದೇ ಸಲ ಕಾಣಿಸಿಕೊಂಡು ಮಿಣುಕುತ್ತಿದ್ದಿತು. ಆಗಲೇ ಜನರು ಇದಕ್ಕೆ ಮೂಗು ಮುರಿದರು. ಇಂದಿನ ಚಪ್ಪಟೆ ಪರದೆಯಲ್ಲಿಯಾದರೋ ಚಿತ್ರ ಆರುತ್ತ ಹೋಗುವುದಿಲ್ಲ. ಮುಂದಿನ ಚಿತ್ರ ಬರುವವರೆಗೆ ಗಟ್ಟಿಯಾಗಿ ನಿಂತು, ಒಮ್ಮೆಗೇ ಮಾಯವಾಗುತ್ತದೆ. ಅದೇ ಮಿಣುಕಿನ ತೋರಿಕೆ ಇಲ್ಲಿ ಬೇರೆಯಾಗುತ್ತದೆ. ಹಿಂದಿನ ಚಿತ್ರದ ಮಸುಕನ್ನು ಮುಂದಿನದರಲ್ಲಿ ಬೆರೆಸಿ, ಹಳೆಯ ಲೇಪದ ನಡತೆಯನ್ನು ನಟಿಸುವ ಏರ್ಪಾಡು ಕೆಲವು ಅನುಕರಣ ಕಾರ್ಯಕ್ರಮಗಳಲ್ಲಿ ಇರುವುದು ಇದಕ್ಕಾಗಿಯೇ.

ಹಳೆಯ ಯಂತ್ರವನ್ನು ಹೊಸದಾಗಿ ಮಾಡುವವರ ಮುಂದೆ ಮೂರು ಮಾರ್ಗಗಳಿವೆ. ಅಟಾರಿಯ ಹೆಸರಿನಲ್ಲಿಯೇ ಮೂರನ್ನೂ ಪ್ರಯೋಗಿಸಿ ನೋಡಿದ್ದಾರೆ. 2004ರ 'ಫ್ಲ್ಯಾಶ್‌ಬ್ಯಾಕ್' ಎಂಬ ಪೆಟ್ಟಿಗೆಯಲ್ಲಿ ಇದ್ದುದು ನಿಂಟೆಂಡೊ ಯಂತ್ರದ ಬಗೆಯ ಚಿಪ್ಪು. ಆಟಗಳನ್ನು ಅದಕ್ಕೆ ಹೊಂದುವಂತೆ ಮತ್ತೆ ಬರೆದಿದ್ದರು. ವೀಣೆಯ ಕೃತಿಯನ್ನು ಹಾರ್ಮೋನಿಯಮ್ಮಿನಲ್ಲಿ ನುಡಿಸಿದಂತೆ: ರಾಗ ಗುರುತು ಸಿಗುತ್ತದೆ, ಗಮಕ ಹೋಗುತ್ತದೆ. 2005ರ 'ಫ್ಲ್ಯಾಶ್‌ಬ್ಯಾಕ್ 2' ಇದಕ್ಕಿಂತ ಬಹಳ ಮೇಲು. ಹಳೆಯ ಚಿಪ್ಪುಗಳ ಮಂಡಲವನ್ನೇ ಒಂದು ಹೊಸ ಚಿಪ್ಪಿನಲ್ಲಿ ಮರಳಿ ರಚಿಸಿದ್ದರು. 2600+ ಹಿಡಿದುದು ಮೂರನೆಯ ಮಾರ್ಗ. ಇದರಲ್ಲಿರುವುದು ಮೂಲಕ್ಕಿಂತ ಸುಮಾರು ಸಾವಿರ ಪಟ್ಟು ವೇಗದ, ಅಗ್ಗದ ಒಂದು ಸಾಧಾರಣ ಗಣಕ. ಕಾರ್ಟ್ರಿಜ್ಜನ್ನು ಸಿಕ್ಕಿಸಿ ಸ್ವಿಚ್ಚು ಒತ್ತಿದೊಡನೆ ಅದು ಕಾರ್ಟ್ರಿಜ್ಜಿನ ಒಳಗಿರುವುದನ್ನೆಲ್ಲ ತನ್ನ ಮೆಮೊರಿಗೆ ನಕಲು ಮಾಡಿಕೊಳ್ಳುತ್ತದೆ. ಆಮೇಲೆ 'ಸ್ಟೆಲ್ಲಾ' ಎಂಬ ಕಾರ್ಯಕ್ರಮ ಹಳೆಯ ಪ್ರೊಸೆಸರು ಈ ಬಡಿತದಲ್ಲಿ ಏನು ಮಾಡುತ್ತಿದ್ದಿತು, ಚಿತ್ರದ ಚಿಪ್ಪು ಆಗ ಏನು ಮಾಡುತ್ತಿದ್ದಿತು ಎಂದು ಲೆಕ್ಕ ಹಾಕುತ್ತ ಹೋಗುತ್ತದೆ. ಸ್ಟೆಲ್ಲಾ ಹಣಕ್ಕಾಗಿ ಹುಟ್ಟಿದುದಲ್ಲ. 1990ರ ದಶಕದಿಂದಲೂ ಹವ್ಯಾಸಿಗಳು ತಿದ್ದಿ ತೀಡಿ ಬೆಳೆಸಿದ ಕಾರ್ಯಕ್ರಮ ಅದು, ಯಾರಿಗಾದರೂ ಉಚಿತ.

ಹಾಗಾದರೆ ಇದು ನಕಲಿಯೆಂದು ಜರೆಯಬೇಕೆ? ನನ್ನ ಅಭಿಪ್ರಾಯ ಹಾಗಿಲ್ಲ. ತರ್ಕದ ಮಟ್ಟಿಗೆ ಸ್ಟೆಲ್ಲಾದ ನಿಷ್ಠೆ ಆಶ್ಚರ್ಯಕರವಾದುದು. ಗೆರೆಗೆ 76 ಬಡಿತವೆಂಬ ನಿಯಮವನ್ನು ಅದು ಎಲ್ಲಿಯೂ ಮುರಿಯುವುದಿಲ್ಲ. ಮೂಲಕ್ಕೂ ಇದಕ್ಕೂ ಹಾದಿ ಕವಲೊಡೆಯುವುದು ಕಾಲದ ವಿಷಯದಲ್ಲಿ. ಹಳೆಯ ಪೆಟ್ಟಿಗೆಯಲ್ಲಿ ಗೆರೆ ಸಿದ್ಧವಾಗುವುದೂ ಪರದೆಯ ಮೇಲೆ ಮೂಡುವುದೂ ಒಂದೇ ಕ್ಷಣ. ಜಾಯ್‌ಸ್ಟಿಕ್ಕಿನ ಗುಂಡಿಯನ್ನು ಒತ್ತಿದರೆ ಅದರ ಫಲ ಹೆಚ್ಚೆಂದರೆ ಎರಡು ಚಿತ್ರಗಳ ಅವಧಿಯಲ್ಲಿ, ಎಂದರೆ ಸೆಕೆಂಡಿನ ಮೂವತ್ತನೆಯ ಒಂದು ಭಾಗದಲ್ಲಿ ಕಾಣುತ್ತಿದ್ದಿತು. ಹೊಸದರಲ್ಲಿ ಇಡಿಯ ಚಿತ್ರವನ್ನು ಲೆಕ್ಕ ಹಾಕಿ ಮುಗಿಸಿ, ಮೆಮೊರಿಯಲ್ಲಿರಿಸಿ, ಅನಂತರ ಟೆಲಿವಿಷನ್ನಿಗೆ ಒಪ್ಪಿಸಬೇಕು. ಟೆಲಿವಿಷನ್ನೂ ಸುಮ್ಮನಿರುವುದಿಲ್ಲ; ಚಿತ್ರವನ್ನು ಹಿಗ್ಗಿಸಿ, ಅಂಚುಗಳನ್ನು ತಿದ್ದಿ, ಬಣ್ಣವನ್ನು ಹದಗೊಳಿಸಿ ತೋರಿಸುತ್ತದೆ. ಈ ಶೃಂಗಾರಕ್ಕೆ 50ರಿಂದ 100 ಮಿಲಿಸೆಕೆಂಡು ತೆಗೆದುಕೊಳ್ಳುವ ಟೆಲಿವಿಷನ್ನುಗಳು ಬೇಕಾದಷ್ಟಿವೆ. ನೂರು ಮಿಲಿಸೆಕೆಂಡು ಅಲ್ಪವೆಂದು ತೋರಬಹುದು. ಅಷ್ಟರಲ್ಲಿ ಆಟದ ಆರು ಚಿತ್ರಗಳು ಮುಂದೆ ಹೋಗಿರುತ್ತವೆ.

ನಿಧಾನವಾಗಿ ಕೋಟೆಗಳಲ್ಲಿ ಅಲೆದಾಡುವ 'ಅಡ್ವೆಂಚರ್' ಎಂಬ ಆಟದಲ್ಲಿ ಇದರಿಂದ ಯಾವ ಬಾಧೆಯೂ ಇಲ್ಲ. 1981ರ 'ಕಬೂಮ್'ನಲ್ಲಾದರೆ ಮೇಲಿಂದ ಉದುರುವ ಬಾಂಬುಗಳನ್ನು ಬಕೆಟ್ಟಿನಲ್ಲಿ ಹಿಡಿಯಬೇಕು. ಅದರ ತಿರುಗುಗುಂಡಿ ಒಂದು ಬದಲಾಗುವ ರೋಧಕ. ಅದರ ಮೂಲಕ ಪೆಟ್ಟಿಗೆಯೊಳಗಿನ ಧಾರಕವೊಂದು ವಿದ್ಯುದಂಶದಿಂದ ತುಂಬುತ್ತದೆ. ತುಂಬುವಷ್ಟರಲ್ಲಿ ಪರದೆಯ ಎಷ್ಟು ಗೆರೆಗಳು ಕಳೆದವೆಂದು ಎಣಿಸಿ ಯಂತ್ರ ಗುಂಡಿಯ ಕೋನವನ್ನು ತಿಳಿಯುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ಗಡಿಯಾರ ಹಿಡಿದು ಮಾಡಿಸುವ ಪ್ರಯೋಗವೇ ಇದು. ಇಲ್ಲಿ ಟೆಲಿವಿಷನ್ನೇ ಗಡಿಯಾರ! ಇಂಥ ಆಟದಲ್ಲಿ ಕೈಗೂ ಕಣ್ಣಿಗೂ ಆರು ಚಿತ್ರಗಳ ಅಂತರ ಬಿದ್ದರೆ ಬಾಂಬು ನೆಲ ಮುಟ್ಟಿದಂತೆಯೇ. ಅಲ್ಲದೆ ಈ ತಿರುಗುಗುಂಡಿಗಳನ್ನು ಹೊಸ ಪೆಟ್ಟಿಗೆಯ ಜೊತೆಗೆ ಕೊಡಲಿಲ್ಲ, ಬೇರೆಯಾಗಿ ಕೊಳ್ಳಬೇಕು.

7800 ಎಂಬ ಮುಂದಿನ ಮಾದರಿಯ ಕಾರ್ಟ್ರಿಜ್ಜುಗಳನ್ನೂ 2600+ ಸ್ವೀಕರಿಸುತ್ತದೆ. ಅವುಗಳಲ್ಲಿ ಬೆಳಕಿನ ಬಂದೂಕನ್ನು ಬಯಸುವ ಆಟಗಳನ್ನು ಆಸೆಪಡಬಾರದು. ಎಲೆಕ್ಟ್ರಾನ್ ಧಾರೆ ತನ್ನೆದುರು ಹಾದುಹೋದ ಕ್ಷಣವನ್ನು ಹಿಡಿದು ಆ ಬಂದೂಕು ಗುರಿಯನ್ನು ತಿಳಿಯುತ್ತಿದ್ದಿತು; ಚಪ್ಪಟೆ ಪರದೆಯಲ್ಲಿ ಧಾರೆಯೇ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ಸೋದರಮಾವನವರ ಮನೆಯಲ್ಲಿ 1981ರಲ್ಲಿ ಮಕ್ಕಳಿಗಾಗಿ ಕೊಂಡ ಮೂಲ ಪೆಟ್ಟಿಗೆಯೂ ಇಪ್ಪತ್ತಕ್ಕೆ ಮೇಲ್ಪಟ್ಟ ಕಾರ್ಟ್ರಿಜ್ಜುಗಳೂ ಇವೆ. ಮೊಮ್ಮಗಳಿಗೆ ಅವನ್ನು ಆಡಿಸಿ ತೋರಿಸಬೇಕೆಂದು ಅವರ ಆಸೆ. ಜೋಡಿಸಲು ಹಳೆಯ ಟೆಲಿವಿಷನ್ ಇಲ್ಲ. ಹೊಸದನ್ನು ತಂದು ಹಳೆಯದನ್ನು ಕಸಕ್ಕೆ ಹಾಕಲೇ ಎಂದು ಫೋನಿನಲ್ಲಿ ಕೇಳಿದರು. ಹೊಸದನ್ನು ತನ್ನಿ ಮಾವ, ಹಳೆಯದನ್ನು ಮಾತ್ರ ಎಸೆಯಬೇಡಿ ಎಂದೆನು. ಹಳೆಯ ಪೆಟ್ಟಿಗೆಯಲ್ಲಿ ಕಾಲಕ್ರಮದಲ್ಲಿ ಒಣಗುವುದು ಅಲ್ಪಬೆಲೆಯ ಕೆಲವು ಧಾರಕಗಳು. ಬಲ್ಲವರು ಅವನ್ನು ಬದಲಿಸಿಕೊಟ್ಟಾರು. ಅದರ ಚಿತ್ರದ ಚಿಪ್ಪನ್ನಾದರೋ ಈಗ ಯಾರೂ ತಯಾರಿಸುವುದಿಲ್ಲ. ಜಾಯ್‌ಸ್ಟಿಕ್ಕಿನ ಒಂಬತ್ತು ಮೊಳೆಯ ಪ್ಲಗ್ಗು ಎರಡರಲ್ಲಿಯೂ ಒಂದೇ ಆದುದರಿಂದ ಹಳೆಯ ಜಾಯ್‌ಸ್ಟಿಕ್ಕುಗಳು ಹೊಸದಕ್ಕೂ ಒದಗುತ್ತವೆ. ಎಲ್ಲಿಂದಲಾದರೂ ಚಿತ್ರನಳಿಗೆಯ ಟೆಲಿವಿಷನ್ನನ್ನು ತಂದರೆ ಅದರ ಬೆನ್ನನ್ನು ಮಾತ್ರ ಬಿಚ್ಚಕೂಡದೆಂದು ಎಚ್ಚರಿಸಿದೆನು. ಸ್ವಿಚ್ಚು ಆರಿಸಿದ ಮೇಲೂ ಆ ಗಾಜು ಸಾವಿರಾರು ವೋಲ್ಟುಗಳನ್ನು ಹಿಡಿದಿಟ್ಟುಕೊಂಡಿರಬಹುದು.

ಕಾರ್ಟ್ರಿಜ್ಜು ಉಳ್ಳವರು ನೋಡಿಕೊಳ್ಳಬೇಕಾದುದು ಇನ್ನೊಂದಿದೆ. ಹಳೆಯ ಯಂತ್ರ ನೇರವಾಗಿ ಓದಬಲ್ಲ ಮಿತಿ ನಾಲ್ಕು ಕಿಲೊಬೈಟು. ದೊಡ್ಡ ಆಟಗಳನ್ನು ತುಂಡುಗಳಾಗಿಸಿ, ಸಮಯಕ್ಕೆ ತಕ್ಕ ತುಂಡನ್ನು ಮುಂದೊಡ್ಡುವ ಉಪಾಯಗಳನ್ನು ಹೂಡಿದ್ದರು. 1984ರ 'ಪಿಟ್‌ಫಾಲ್ 2'ಕ್ಕೆ ಡೇವಿಡ್ ಕ್ರೇನ್ ಕಾರ್ಟ್ರಿಜ್ಜಿನೊಳಗೇ ಪ್ರತ್ಯೇಕ ಚಿಪ್ಪೊಂದನ್ನು ಇಟ್ಟರು. ನಕಲು ಮಾಡಿಕೊಂಡು ಆಡಿಸುವ ಯಂತ್ರಕ್ಕೆ ಇಂಥ ಉಪಾಯಗಳೆಲ್ಲ ಮೊದಲೇ ತಿಳಿದಿರಬೇಕು. ಆದುದರಿಂದ ತಮ್ಮಲ್ಲಿರುವ ಆಟಗಳು ತಯಾರಕರ ಪಟ್ಟಿಯಲ್ಲಿವೆಯೇ ಎಂದು ನೋಡಿಯೇ ಹಣ ಕೊಡುವುದು ಲೇಸು.

ನಮ್ಮ ನಾಡಿನ ವಾಚಕರ ಪರಿಸ್ಥಿತಿ ಬೇರೆ. ಇಲ್ಲಿಗೆ ವರ್ಣದ ಟೆಲಿವಿಷನ್ ಬಂದುದೇ 1982ರಲ್ಲಿ. ಅಟಾರಿಯ ಕಾರ್ಟ್ರಿಜ್ಜು ಇರುವ ಮನೆಗಳು ವಿರಳ. ಬಂಧುಗಳು ಅಮೆರಿಕದಿಂದ ಹಳೆಯ ಪೆಟ್ಟಿಗೆಯನ್ನೇ ತಂದುಕೊಟ್ಟರೆ ಅಲ್ಲಿಯ ವಿದ್ಯುತ್ತಿನ ಒತ್ತಡವೂ ಚಿತ್ರದ ಪದ್ಧತಿಯೂ ಇಲ್ಲಿಯವಕ್ಕೆ ಹೊಂದುವುದಿಲ್ಲ. ಆ ತೊಡಕು ಹೊಸದಕ್ಕಿಲ್ಲ. ಆದರೂ ಕಾರ್ಟ್ರಿಜ್ಜೂ ಇಲ್ಲದೆ, ಹಳೆಯ ನೆನಪೂ ಇಲ್ಲದೆ, ಕುತೂಹಲವೊಂದಕ್ಕಾಗಿ ಸುಂಕ ಸಾಗಣೆಗಳ ಖರ್ಚನ್ನೂ ತೆತ್ತು ಇದನ್ನು ತರಿಸುವುದು ನನಗೆ ಒಪ್ಪುವುದಿಲ್ಲ. ಆಡಬೇಕೆನ್ನುವವರಿಗೆ 2022ರಲ್ಲಿ ಬಂದ 'ಅಟಾರಿ 50' ಎಂಬ ಸಂಕಲನವಿದೆ. ಮನೆಯಲ್ಲಿರುವ ಗಣಕದಲ್ಲಿಯೇ ಅದು ನಡೆಯುತ್ತದೆ. ಕಲಿಯಬೇಕೆನ್ನುವ ವಿದ್ಯಾರ್ಥಿಗಳಿಗಂತೂ ಉಚಿತವಾದ ಸ್ಟೆಲ್ಲಾ ಎರಡು ಪೆಟ್ಟಿಗೆಗಳಿಗಿಂತಲೂ ಉತ್ತಮ. ಆಟವನ್ನು ನಡುವೆ ತಡೆದು, ಧಾರೆ ಈಗ ಎಷ್ಟನೆಯ ಗೆರೆಯಲ್ಲಿದೆ, ಎಷ್ಟು ಬಡಿತ ಕಳೆಯಿತು ಎಂಬುದನ್ನು ಅದು ಅಂಕಿಗಳಲ್ಲಿ ತೋರಿಸುತ್ತದೆ. ಮೂಲ ಯಂತ್ರದಲ್ಲಿ ಇದನ್ನು ಕಣ್ಣಾರೆ ಕಾಣುವ ಬಗೆಯೇ ಇರಲಿಲ್ಲ.

ಕೊಳ್ಳುವುದೆಂದೇ ನಿಶ್ಚಯಿಸಿದವರು ಮೊದಲು ತಮ್ಮ ಟೆಲಿವಿಷನ್ನನ್ನು ಪರೀಕ್ಷಿಸಬೇಕು. ಇದಕ್ಕೆ ಬೇಕಾದುದು ಟೆಲಿವಿಷನ್ನಿಗೆ ಜೋಡಿಸಿದ ಯಾವುದಾದರೊಂದು ಆಟದ ಯಂತ್ರ, ಸೆಕೆಂಡಿಗೆ 240 ಚಿತ್ರ ತೆಗೆಯಬಲ್ಲ ಒಂದು ಫೋನು. ಬೆರಳು, ಗುಂಡಿ, ಪರದೆ ಮೂರೂ ಕಾಣುವಂತೆ ಫೋನನ್ನು ಹಿಡಿದು, ಗುಂಡಿಯನ್ನು ಹತ್ತಾರು ಸಲ ಒತ್ತಬೇಕು. ಅನಂತರ ಬೆರಳು ಇಳಿದ ಚಿತ್ರದಿಂದ ಪರದೆಯಲ್ಲಿ ಗುಂಡು ಹೊರಟ ಚಿತ್ರದವರೆಗೆ ಎಣಿಸಿ ಸರಾಸರಿ ತೆಗೆಯಬೇಕು. ಒಂದೊಂದು ಚಿತ್ರಕ್ಕೆ ಸುಮಾರು ನಾಲ್ಕು ಮಿಲಿಸೆಕೆಂಡು. ಎಣಿಕೆ ಇಪ್ಪತ್ತೈದನ್ನು ಮುಟ್ಟಿದರೆ ನೂರು ಮಿಲಿಸೆಕೆಂಡಿನ ವಿಳಂಬವಿದೆಯೆಂದು ಅರ್ಥ. ಟೆಲಿವಿಷನ್ನಿನ ಏರ್ಪಾಡುಗಳಲ್ಲಿ 'ಗೇಮ್ ಮೋಡ್' ಎಂಬುದನ್ನು ಆರಿಸಿ ಮತ್ತೆ ಎಣಿಸಿರಿ. ಎಣಿಕೆ ಹತ್ತು ಹನ್ನೆರಡಕ್ಕೆ ಇಳಿದರೆ ಪೆಟ್ಟಿಗೆಯನ್ನು ನಿಶ್ಚಿಂತೆಯಿಂದ ತರಬಹುದು. ಇಳಿಯದಿದ್ದರೆ ಅದೇ ಆಟದ ಯಂತ್ರವನ್ನು ಗಣಕದ ಪರದೆಗೆ ಜೋಡಿಸಿ ಇನ್ನೊಮ್ಮೆ ನೋಡುವುದು. ಎಷ್ಟೋ ಮನೆಗಳಲ್ಲಿ ಹಜಾರದ ದೊಡ್ಡ ಟೆಲಿವಿಷನ್ನಿಗಿಂತ ಮೇಜಿನ ಮೇಲಿನ ಆ ಸಣ್ಣ ಪರದೆಯೇ ಚುರುಕಾಗಿರುತ್ತದೆ.