ತಟ್ಟೆ ನಿಮ್ಮದು, ಆಟ ಯಾರದು?



ನೀವು ಹಣ ಕೊಟ್ಟು, ರಸೀದಿ ಪಡೆದು ಒಂದು ವಿಡಿಯೋ ಗೇಮ್ ಡಿಸ್ಕ್ ಕೊಂಡು ತಂದಿದ್ದೀರಿ ಎಂದುಕೊಳ್ಳಿ. ಅದನ್ನು ಮನೆಯ ಕನ್ಸೋಲಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದೇ? ಅಥವಾ ಅದು ಕಳ್ಳತನವೇ?

ಹಾಸನದ ಕಾಲೇಜು ವಿದ್ಯಾರ್ಥಿಗೂ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹೈಸ್ಕೂಲು ಮಕ್ಕಳಿಗೂ ಈ ಪ್ರಶ್ನೆ ಒಂದೇ. ಹೊಸ ಆಟದ ಡಿಸ್ಕಿಗೆ ಸಾವಿರಾರು ರೂಪಾಯಿ ಬೆಲೆ. ಅಣ್ಣತಮ್ಮಂದಿರು ದುಡ್ಡು ಕೂಡಿಸಿ ಕೊಂಡ ಡಿಸ್ಕು ಒಂದು ಗೀರಿನಿಂದ ಹಾಳಾದರೆ ಮತ್ತೆ ಕೊಡಿಸಿ ಎಂದು ಮನೆಯಲ್ಲಿ ಕೇಳುವುದು ಸುಲಭವಲ್ಲ. ಇನ್ನೊಂದು ಕಡೆ, "ಹಾರ್ಡ್ ಡಿಸ್ಕ್ ತನ್ನಿ, ನೂರು ಆಟ ತುಂಬಿಸಿ ಕೊಡುತ್ತೇವೆ" ಎನ್ನುವವರೂ ಇದ್ದಾರೆ. ಎರಡೂ ನಕಲೇ. ಆದರೆ ಒಂದನ್ನು ಕಾನೂನು ಒಪ್ಪುತ್ತದೆ, ಇನ್ನೊಂದನ್ನು ಒಪ್ಪುವುದಿಲ್ಲ. ಈ ವ್ಯತ್ಯಾಸ ತಿಳಿಯಲು ಮೊದಲು ಸ್ವಲ್ಪ ವಿಜ್ಞಾನ, ಆಮೇಲೆ ಕಾನೂನು ನೋಡೋಣ.

ಡಿಸ್ಕಿನೊಳಗೆ ಏನಿದೆ?

ಡಿಸ್ಕ್ ಎಂದರೆ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ತಟ್ಟೆ. ಅದರಲ್ಲಿ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಒಂದೇ ಒಂದು ಹಾದಿ. ಆ ಹಾದಿಯ ಉದ್ದಕ್ಕೂ ಸೂಕ್ಷ್ಮವಾದ ಕುಳಿಗಳು. ಲೇಸರ್ ಕಿರಣ ಈ ಕುಳಿಗಳ ಮೇಲೆ ಬಿದ್ದು ಹಿಂತಿರುಗುವಾಗ ಬೆಳಕಿನಲ್ಲಾಗುವ ಏರಿಳಿತವನ್ನೇ ಯಂತ್ರ ಸೊನ್ನೆ ಮತ್ತು ಒಂದುಗಳಾಗಿ ಓದುತ್ತದೆ. ಸಿಡಿಯಲ್ಲಿ ಲೇಸರಿನ ತರಂಗಾಂತರ 780 ನ್ಯಾನೋಮೀಟರ್, ಡಿವಿಡಿಯಲ್ಲಿ 650, ಬ್ಲೂ-ರೇಯಲ್ಲಿ 405. ತರಂಗಾಂತರ ಕಿರಿದಾದಷ್ಟೂ ಕುಳಿಗಳನ್ನು ಚಿಕ್ಕದಾಗಿ, ಒತ್ತೊತ್ತಾಗಿ ಇರಿಸಬಹುದು. ಆದ್ದರಿಂದಲೇ ಒಂದೇ ಅಳತೆಯ ತಟ್ಟೆಯಲ್ಲಿ ಸಿಡಿಗೆ ಸುಮಾರು 700 ಮೆಗಾಬೈಟ್ ಹಿಡಿಸಿದರೆ, ಒಂದು ಪದರದ ಡಿವಿಡಿಗೆ 4.7 ಗಿಗಾಬೈಟ್, ಬ್ಲೂ-ರೇಗೆ 25 ಗಿಗಾಬೈಟ್ ಹಿಡಿಸುತ್ತದೆ.

ಸಣ್ಣ ಗೀರು ಬಿದ್ದರೆ ಆಟ ತಕ್ಷಣ ನಿಲ್ಲುವುದಿಲ್ಲ. ಮಾಹಿತಿಯ ಜೊತೆಗೆ ತಪ್ಪು ತಿದ್ದುವ ಹೆಚ್ಚುವರಿ ಅಂಕಿಗಳನ್ನೂ ಬರೆದಿರುತ್ತಾರೆ; ಕಾಣದ ಭಾಗವನ್ನು ಯಂತ್ರ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಆದರೆ ಸುರುಳಿ ಹಾದಿಯ ಜೊತೆಗೇ ಸಾಗುವ ಉದ್ದನೆಯ ಗೀರು ಬಿದ್ದರೆ ಒಂದೇ ಕಡೆ ಬಹಳಷ್ಟು ಮಾಹಿತಿ ಮರೆಯಾಗಿ, ಆ ಲೆಕ್ಕ ಸೋಲುತ್ತದೆ. ಡಿಸ್ಕನ್ನು ಸುತ್ತಲೂ ಉಜ್ಜದೆ, ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು ಎನ್ನುವುದು ಇದೇ ಕಾರಣಕ್ಕೆ.

ಹಾರ್ಡ್ ಡಿಸ್ಕಿಗೆ ಏಕೆ?

ಮೊದಲ ಕಾರಣ, ಸವೆತ. ಓದುವ ಕೆಲಸವನ್ನು ಹಾರ್ಡ್ ಡಿಸ್ಕ್ ವಹಿಸಿಕೊಂಡರೆ ತಟ್ಟೆ ಗಂಟೆಗಟ್ಟಲೆ ತಿರುಗಬೇಕಿಲ್ಲ. ಎರಡನೆಯದು, ವೇಗ. ಡಿಸ್ಕಿನ ಮೇಲೆ ಲೇಸರ್ ತಲೆ ಒಂದು ಜಾಗದಿಂದ ಇನ್ನೊಂದಕ್ಕೆ ಸರಿದು ನಿಲ್ಲಲು ಸುಮಾರು 100 ಮಿಲಿಸೆಕೆಂಡು ಬೇಕು. ಹಾರ್ಡ್ ಡಿಸ್ಕಿಗೆ 10ರಿಂದ 15 ಮಿಲಿಸೆಕೆಂಡು ಸಾಕು. ಆಟವೊಂದು ಸಾವಿರಾರು ಚಿಕ್ಕ ಕಡತಗಳನ್ನು ಹುಡುಕುವಾಗ ಈ ಅಂತರವೇ ನಿಮ್ಮ ಕಾಯುವಿಕೆಯಾಗಿ ಕಾಣುತ್ತದೆ.

2008ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ ಎಕ್ಸ್‌ಬಾಕ್ಸ್ 360 ಕನ್ಸೋಲಿಗೆ ಈ ಸೌಲಭ್ಯವನ್ನು ತಾನೇ ಒದಗಿಸಿತು. ಕೊಂಡ ಆಟವನ್ನು ಡಿಸ್ಕಿನಿಂದ ಹಾರ್ಡ್ ಡಿಸ್ಕಿಗೆ ಪೂರ್ತಿ ನಕಲು ಮಾಡಿಕೊಳ್ಳಬಹುದಾಯಿತು. ಆಟದ ಗಾತ್ರ 6.8 ಗಿಗಾಬೈಟ್, ಸೆಕೆಂಡಿಗೆ ಸರಾಸರಿ 10 ಮೆಗಾಬೈಟ್ ವರ್ಗಾವಣೆ ಎಂದು ಲೆಕ್ಕ ಹಾಕಿ: 6,800 ಭಾಗಿಸು 10, ಅಂದರೆ 680 ಸೆಕೆಂಡು, ಸುಮಾರು 11 ನಿಮಿಷ. ಒಮ್ಮೆ ಇಷ್ಟು ಕಾದರೆ ಆಮೇಲೆ ಪ್ರತಿ ಸಲ ಕಾಯುವುದು ಕಡಿಮೆಯಾಗುತ್ತದೆ.

ಆದರೆ ಒಂದು ಷರತ್ತಿತ್ತು. ನಕಲು ಮಾಡಿದ ಮೇಲೂ ಆಡುವಾಗ ಮೂಲ ಡಿಸ್ಕ್ ಯಂತ್ರದೊಳಗೇ ಇರಬೇಕಿತ್ತು.

ನಕಲಾಗದ ಗುರುತು

ಮಾಹಿತಿಯೆಲ್ಲ ಹಾರ್ಡ್ ಡಿಸ್ಕಿನಲ್ಲಿರುವಾಗ ತಟ್ಟೆ ಏಕೆ ಬೇಕು? ಅದು ಆಗ ಪುಸ್ತಕವಾಗಿ ಉಳಿದಿಲ್ಲ, ಬೀಗದ ಕೈಯಾಗಿದೆ. ನೀವು ಇದನ್ನು ಕೊಂಡವರು ಎಂಬುದಕ್ಕೆ ಅದೇ ಸಾಕ್ಷಿ.

1994ರಲ್ಲಿ ಬಂದ ಸೋನಿ ಪ್ಲೇಸ್ಟೇಷನ್ನಿನ ಡಿಸ್ಕುಗಳಲ್ಲಿ ಇದಕ್ಕೊಂದು ಜಾಣ ಉಪಾಯವಿತ್ತು. ಆರಂಭದ ಭಾಗದಲ್ಲಿ ಸುರುಳಿ ಹಾದಿಯನ್ನೇ ಕೊಂಚ ಓಲಾಡುವಂತೆ ಮಾಡಿ, ಆ ಓಲಾಟದಲ್ಲಿ ಕೆಲವು ಅಕ್ಷರಗಳನ್ನು ಅಡಗಿಸಿದ್ದರು. ಮನೆಯ ಕಂಪ್ಯೂಟರಿನಲ್ಲಿ ಸಿಡಿ ಬರೆದಾಗ ಕುಳಿಗಳ ಮಾಹಿತಿ ಪೂರ್ತಿ ಬರುತ್ತದೆ, ಹಾದಿಯ ಓಲಾಟ ಬರುವುದಿಲ್ಲ. ಕನ್ಸೋಲು ಮೊದಲು ಹುಡುಕುವುದು ಆ ಓಲಾಟವನ್ನೇ.

2013ರಿಂದ ಈಚೆಗಿನ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಕನ್ಸೋಲುಗಳಲ್ಲಿ ನಕಲು ಐಚ್ಛಿಕವಲ್ಲ, ಕಡ್ಡಾಯ. ಡಿಸ್ಕ್ ಹಾಕಿದೊಡನೆ ಆಟ ಹಾರ್ಡ್ ಡಿಸ್ಕಿಗೆ ಇಳಿಯತೊಡಗುತ್ತದೆ. ತಟ್ಟೆ ಮಾತ್ರ ಬೀಗದ ಕೈಯಾಗಿ ಉಳಿದಿದೆ.

ಕಾನೂನು ಏನೆನ್ನುತ್ತದೆ?

ನಮ್ಮ ದೇಶದಲ್ಲಿ ಇದಕ್ಕೆ ಆಧಾರ 1957ರ ಕೃತಿಸ್ವಾಮ್ಯ ಕಾಯ್ದೆ. ಡಿಸ್ಕ್ ಕೊಂಡಾಗ ತಟ್ಟೆ ನಿಮ್ಮದಾಗುತ್ತದೆ, ಆಟವೆಂಬ ಕೃತಿಯ ಒಡೆತನ ಅದನ್ನು ರಚಿಸಿದವರಲ್ಲೇ ಇರುತ್ತದೆ. ಆದರೂ ಕೊಂಡವರನ್ನು ಕಾನೂನು ಬರಿಗೈಲಿ ಬಿಟ್ಟಿಲ್ಲ. ಕಲಂ 52(1)(ಎಎ) ಪ್ರಕಾರ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು ಅದನ್ನು ಯಾವ ಉದ್ದೇಶಕ್ಕೆ ಕೊಡಲಾಗಿದೆಯೋ ಅದಕ್ಕಾಗಿ ಬಳಸಲು ನಕಲು ಮಾಡಿಕೊಳ್ಳಬಹುದು. ನಷ್ಟ, ನಾಶ ಅಥವಾ ಹಾನಿಯಿಂದ ತಾತ್ಕಾಲಿಕ ರಕ್ಷಣೆಗಾಗಿ ಒಂದು ಕಾಪು ಪ್ರತಿಯನ್ನೂ ಮಾಡಿಕೊಳ್ಳಬಹುದು.

ಇಲ್ಲಿ ತೂಕವಿರುವುದು "ಕಾನೂನುಬದ್ಧವಾಗಿ ಹೊಂದಿರುವವರು" ಎಂಬ ಮಾತಿಗೆ. ಹೊಳೆನರಸೀಪುರದ ಒಬ್ಬ ಹುಡುಗ ತನ್ನ ಡಿಸ್ಕನ್ನು ಕಾಪು ಪ್ರತಿ ಮಾಡಿಟ್ಟು, ಮೂಲವನ್ನು ಚನ್ನರಾಯಪಟ್ಟಣದ ಗೆಳೆಯನಿಗೆ ಮಾರಿದ ಎನ್ನಿ. ಮಾರಿದ್ದು ತಪ್ಪಲ್ಲ. ಆದರೆ ಡಿಸ್ಕು ಕೈಬಿಟ್ಟ ಕ್ಷಣವೇ ಪ್ರತಿ ಇಟ್ಟುಕೊಳ್ಳುವ ಹಕ್ಕೂ ಕೈಬಿಟ್ಟಿತು. ಅದನ್ನು ಅವನು ಅಳಿಸಬೇಕು. ನೂರು ಆಟ ತುಂಬಿಸಿದ ಹಾರ್ಡ್ ಡಿಸ್ಕಿನ ಕಥೆಯೂ ಇಷ್ಟೇ. ಆ ನೂರರಲ್ಲಿ ಒಂದರ ತಟ್ಟೆಯೂ ನಿಮ್ಮ ಬಳಿ ಇಲ್ಲದಿದ್ದರೆ, ತುಂಬಿಸಲು ಎಷ್ಟೇ ಹಣ ಕೊಟ್ಟಿದ್ದರೂ ನೀವು ಕೊಂಡವರಾಗುವುದಿಲ್ಲ.

2012ರ ತಿದ್ದುಪಡಿಯಲ್ಲಿ ಕಲಂ 65ಎ ಸೇರಿತು. ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗವನ್ನು ಮುರಿದರೆ 2 ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಲು ಅದು ಅವಕಾಶ ಕೊಡುತ್ತದೆ. ತಯಾರಕರೂ ಸುಮ್ಮನಿರುವುದಿಲ್ಲ. 2009ರಲ್ಲಿ ಮೈಕ್ರೋಸಾಫ್ಟ್, ಒಳಗನ್ನು ಬದಲಾಯಿಸಿದ ಎಕ್ಸ್‌ಬಾಕ್ಸ್ 360 ಕನ್ಸೋಲುಗಳನ್ನು ತನ್ನ ಅಂತರ್ಜಾಲ ಸೇವೆಯಿಂದ ಹೊರಗಿಟ್ಟಿತು.

ನಕಲಿನ ಬಗ್ಗೆ ಇಷ್ಟು ಬಿಗಿ ಏಕೆ? ನಮ್ಮ ನಾಡಿನಲ್ಲಿ ಗ್ರಂಥಗಳು ಉಳಿದದ್ದೇ ನಕಲಿನಿಂದ. ತಾಳೆಗರಿ ಹಾಳಾಗುವ ಮೊದಲು ಲಿಪಿಕಾರರು ಇನ್ನೊಂದು ಪ್ರತಿ ಬರೆದದ್ದರಿಂದ ಎಷ್ಟೋ ಕೃತಿಗಳು ನಮಗೆ ದಕ್ಕಿವೆ. ಆದರೆ ಪ್ರತಿ ಸಲವೂ ಒಂದಿಷ್ಟು ಅಕ್ಷರ ತಪ್ಪುತ್ತಿತ್ತು. ಟೆಲಿವಿಷನ್ ಸ್ಟುಡಿಯೋಗಳಲ್ಲಿ ಟೇಪು ಬಳಸುತ್ತಿದ್ದ ಕಾಲದಲ್ಲೂ ಹೀಗೇ: ಪ್ರತಿಯ ಪ್ರತಿ ತೆಗೆದಷ್ಟೂ ಚಿತ್ರ ಮಸುಕಾಗುತ್ತಿತ್ತು. ಅಂಕಿಗಳ ನಕಲಿನಲ್ಲಿ ಆ ಮಸುಕಿಲ್ಲ. ಸಾವಿರದ ಪ್ರತಿಯೂ ಮೊದಲಿನದರಷ್ಟೇ ಚೊಕ್ಕಟ. ಹಿಂದೆ ನಕಲಿಗೆ ತಂತ್ರವೇ ಹಾಕುತ್ತಿದ್ದ ಮಿತಿಯನ್ನು ಈಗ ಕಾನೂನು ಹಾಕಬೇಕಾಗಿದೆ.

ನಕಲು ಮಾಡುವಾಗ ನೆನಪಿರಲಿ

ಕನ್ಸೋಲಿನ ಆಯ್ಕೆಪಟ್ಟಿಯಲ್ಲಿ ತಯಾರಕರೇ ಕೊಟ್ಟಿರುವ ವಿಧಾನವನ್ನು ಬಳಸಿ. ನಕಲು ನಡೆಯುವಾಗ ಕರೆಂಟ್ ಹೋದರೆ ಕಡತ ಅರ್ಧಕ್ಕೇ ನಿಂತು ಕೆಡಬಹುದು. ಅರಕಲಗೂಡಿನ ಹಳ್ಳಿಯಿರಲಿ, ಹಾಸನದ ಬಡಾವಣೆಯಿರಲಿ, ಮಳೆ ಗಾಳಿಯ ಸಂಜೆ ಈ ಕೆಲಸಕ್ಕೆ ಕೈಹಾಕಬೇಡಿ. ಡಿಸ್ಕ್ ತಿರುಗುತ್ತಿರುವಾಗ ಕನ್ಸೋಲನ್ನು ಅಲುಗಿಸಬೇಡಿ. ನಕಲಾಯಿತೆಂದು ತಟ್ಟೆಯನ್ನು ಎಲ್ಲೆಂದರಲ್ಲಿ ಎಸೆಯಬೇಡಿ. ಹಾರ್ಡ್ ಡಿಸ್ಕ್ ಒಂದು ದಿನ ಕೆಟ್ಟೇ ಕೆಡುತ್ತದೆ; ಆಗ ಮತ್ತೆ ತುಂಬಿಸಲು ಉಳಿಯುವುದು ಆ ತಟ್ಟೆಯೇ.

ಈಗ ಡಿಸ್ಕ್ ಹಾಕಲು ಜಾಗವೇ ಇಲ್ಲದ ಕನ್ಸೋಲುಗಳೂ ಬಂದಿವೆ. ಅವುಗಳಲ್ಲಿ ಆಟ ಅಂತರ್ಜಾಲದಿಂದ ಇಳಿಯುತ್ತದೆ, ಬಳಸುವ ಪರವಾನಗಿ ನಿಮ್ಮ ಖಾತೆಗೆ ಅಂಟಿಕೊಂಡಿರುತ್ತದೆ. ಅದನ್ನು ತಟ್ಟೆಯಂತೆ ಗೆಳತಿಗೆ ಎರಡು ದಿನ ಕೊಟ್ಟು ವಾಪಸು ಪಡೆಯಲು, ಆಡಿ ಮುಗಿಸಿ ಮಾರಲು ಆಗುವುದಿಲ್ಲ. ಮುಂದಿನ ಸಲ ಆಟ ಕೊಳ್ಳುವಾಗ ಬೆಲೆಯ ಜೊತೆಗೆ ಇದನ್ನೂ ಕೇಳಿಕೊಳ್ಳಿ: ಈ ಹಣಕ್ಕೆ ನನ್ನ ಕೈಗೆ ಬರುವುದು ತಟ್ಟೆಯೇ, ಬರೀ ಅನುಮತಿಯೇ?