ಪಾಕ್ ನೀರು, ಕುಡಿಯುವ ನೀರು

ಬಾವಿಗೆ ಇಲಿ ಬಿದ್ದು ಸತ್ತರೆ ಎಷ್ಟು ಬಕೆಟ್ ನೀರು ಎತ್ತಬೇಕು? ಮದರಸದಲ್ಲಿ ಓದಿದ ಹನಫಿ ಮಕ್ಕಳು ಥಟ್ಟನೆ ಹೇಳ್ತಾರೆ: ಉಬ್ಬುವ ಮೊದಲೇ ತೆಗೆದರೆ 20ರಿಂದ 30. (ಕರಾವಳಿಯ ಶಾಫಿಗಳ ಲೆಕ್ಕ ಬೇರೆ.) ನಜಾಸತ್ ಬಿದ್ದು ಬಣ್ಣ, ರುಚಿ, ವಾಸನೆ ಬದಲಾಗಿದೆಯೇ ಎಂದು ನೋಡುವುದೂ ನಮಗೆ ಗೊತ್ತು. ಆದರೆ ಇವೆಲ್ಲ ವುಝೂಗೆ ನೀರು ಪಾಕ್ ಹೌದೋ ಅಲ್ಲವೋ ಎಂಬುದಕ್ಕೆ ಉತ್ತರ. ಅದನ್ನು ಮಗುವಿಗೆ ಕುಡಿಸಬಹುದೇ ಎಂಬುದು ಬೇರೆಯೇ ಪ್ರಶ್ನೆ.

ಗುಜರಾತಿನ ಮೂರು ನಗರಗಳನ್ನು ನೋಡಿ. ಅಹಮದಾಬಾದಿನ ಜುಹಾಪುರ ಬೆಳೆದದ್ದು 1973ರ ಸಾಬರಮತಿ ಪ್ರವಾಹದಲ್ಲಿ ಮನೆ ಕಳಕೊಂಡವರಿಗೆ ನೆಲೆ ಕೊಟ್ಟ ಜಾಗದಲ್ಲಿ. ನಗರಪಾಲಿಕೆಯ ನಲ್ಲಿ ತಡವಾಗಿ ಬಂದದ್ದರಿಂದ ಅಲ್ಲಿಯ ಎಷ್ಟೋ ಮನೆಗಳು ಬಹುಕಾಲ ಬೋರ್‌ವೆಲ್ ನೀರನ್ನೇ ನಂಬಿದ್ದವು. ಇಂಥ ಕಡೆ ಫಿಲ್ಟರ್ ಮಾರುವವರು ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ಅಂಕಿ ತೋರಿಸ್ತಾರೆ. ಅದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜು, ಅಷ್ಟೆ. ಲೀಟರಿಗೆ 500 ಮಿಲಿಗ್ರಾಂ ಒಳಗಿರಲಿ, ಬೇರೆ ನೀರೇ ಇಲ್ಲದಿದ್ದರೆ 2000 ತನಕ ಎನ್ನುತ್ತದೆ ಭಾರತೀಯ ಮಾನಕ. ಮೀಟರಿಗೆ ಕ್ರಿಮಿ ಕಾಣುವುದಿಲ್ಲ! 150 ತೋರಿಸಿದ ನೀರಿಗೂ ಪಕ್ಕದ ಶೌಚಗುಂಡಿ ಸೇರಿರಬಹುದು.

ವಡೋದರಾ ಬಳಿ ಪಾದರಾ ತಾಲ್ಲೂಕಿನ ಲೂಣಾದಲ್ಲಿ ಕಾರ್ಖಾನೆ ತ್ಯಾಜ್ಯದಿಂದ ಅಂತರ್ಜಲದ ಬಣ್ಣವೇ ತಿರುಗಿತ್ತು. ಅಲ್ಲಿ ಕಣ್ಣೇ ಸಾಕ್ಷಿ. ಸೂರತ್‌ನಲ್ಲಿ ಹಾಗಲ್ಲ. 2006ರ ಆಗಸ್ಟಿನಲ್ಲಿ ತಾಪಿ ಉಕ್ಕಿ ಊರು ಮುಳುಗಿತ್ತು. ಅಂಥ ನೆರೆ ಇಳಿದ ಮೇಲೆ ಬಾವಿಯ ಕೆಸರು ತಳ ಸೇರಿ ನೀರು ತಿಳಿಯಾಗುತ್ತದೆ, ಕ್ರಿಮಿಗಳು ಮಾತ್ರ ಅಲ್ಲೇ ಇರುತ್ತವೆ.

ಹಾಗಾಗಿ ವರ್ಷಕ್ಕೊಮ್ಮೆಯಾದರೂ, ಮುಖ್ಯವಾಗಿ ಮಳೆ ಅಥವಾ ನೆರೆಯ ನಂತರ, ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ. ಜಲ ಜೀವನ್ ಮಿಷನ್ ಬಂದ ಮೇಲೆ ಸರ್ಕಾರಿ ನೀರಿನ ಲ್ಯಾಬ್‌ಗಳು ಸಾರ್ವಜನಿಕರ ಮಾದರಿಯನ್ನೂ ಕಡಿಮೆ ಶುಲ್ಕಕ್ಕೆ ತಗೊಳ್ತವೆ. ಬರೀ "ನೀರು ಟೆಸ್ಟ್ ಮಾಡಿ" ಅನ್ನಬೇಡಿ, ಹೆಸರಿಟ್ಟು ಕೇಳಿ. ಇ-ಕೋಲಿ 100 ಮಿ.ಲೀ. ನೀರಿನಲ್ಲಿ ಒಂದೂ ಇರಬಾರದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಫ್ಲೋರೈಡ್ 1ರ ಒಳಗಿರಬೇಕು, ಹೆಚ್ಚೆಂದರೆ 1.5. ಕಾರ್ಖಾನೆ ಹತ್ತಿರವಿದ್ದರೆ ಕ್ರೋಮಿಯಂನಂಥ ಲೋಹಗಳನ್ನೂ ಸೇರಿಸಿ.

ಕ್ರಿಮಿ ಪರೀಕ್ಷೆಗೆ ಹಳೆ ಕೋಲಾ ಬಾಟಲಿ ನಡೆಯೋದಿಲ್ಲ. ಲ್ಯಾಬ್‌ನಿಂದಲೇ ಶುದ್ಧೀಕರಿಸಿದ ಬಾಟಲಿ ತನ್ನಿ. ಪಂಪ್ ಐದು ನಿಮಿಷ ಓಡಿಸಿ, ನಲ್ಲಿಯ ಬಾಯನ್ನು ಸ್ಪಿರಿಟ್‌ನಿಂದ ಒರೆಸಿ, ಮುಚ್ಚಳದ ಒಳಭಾಗ ಮುಟ್ಟದೆ ತುಂಬಿ. ಐಸ್ ಮೇಲಿಟ್ಟು ಅದೇ ದಿನ ತಲುಪಿಸಿ.

ವರದಿಯಲ್ಲಿ ಇ-ಕೋಲಿ ಬಂದರೆ ಗಾಬರಿ ಬೇಡ. ಕುದಿಸಿ ಕುಡಿಯಿರಿ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ಮತ್ತೆ ಪರೀಕ್ಷಿಸಿ. ಕೊಳೆ ಎಲ್ಲಿಂದ ಬರ್ತಿದೆ ಅಂತಲೂ ಹುಡುಕಿ. ಫ್ಲೋರೈಡ್, ನೈಟ್ರೇಟ್ ಬಂದರೆ ಮಾತ್ರ ಕುದಿಸಲೇಬೇಡಿ: ನೀರು ಆವಿಯಾಗಿ ಉಳಿದದ್ದರಲ್ಲಿ ಅವು ಇನ್ನಷ್ಟು ದಟ್ಟವಾಗುತ್ತವೆ. ಹೆಚ್ಚು ಫ್ಲೋರೈಡ್ ಮಕ್ಕಳ ಹಲ್ಲಿಗೆ ಏನು ಮಾಡುತ್ತದೆಂದು ಕೋಲಾರ, ಪಾವಗಡದವರಿಗೆ ಹೇಳಬೇಕಾಗಿಲ್ಲ. ನೈಟ್ರೇಟ್ ಇದ್ದರೆ ಆ ನೀರಿನಲ್ಲಿ ಹಸುಗೂಸಿಗೆ ಪುಡಿಹಾಲು ಕಲಸಲೇಬಾರದು. ವುಝೂಗೆ, ಬಟ್ಟೆಗೆ ಅದೇ ಬಾವಿ ಇರಲಿ. ಕುಡಿಯಲು, ಅಡುಗೆಗೆ ಬೇರೆ ಕೊಡ ಇಡಿ.