ಅಂಚೆಯ ಮೇಲೆ ನಡೆದ ಏಳು ರಾಜ್ಯಗಳ ಯುದ್ಧ

ನಮ್ಮ ಹಿರಿಯರ ಮನೆಗಳ ಜಗಲಿಯಲ್ಲಿ ಪಗಡೆಯ ಹಾಸು, ಚೌಕಾಬಾರದ ಮನೆ, ಅಳಗುಳಿಮಣೆ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ‘ಕೌತುಕನಿಧಿ’ ಎಂಬ ಭಾಗವನ್ನೇ ಇಂತಹ ಆಟಗಳಿಗಾಗಿ ಮೀಸಲಿಟ್ಟರು. ಆದರೆ ಈ ಆಟಗಳಿಗೆಲ್ಲ ಒಂದು ಕಟ್ಟುಪಾಡುಂಟು: ಎದುರಾಳಿ ಎದುರಿಗೇ ಕುಳಿತಿರಬೇಕು. ಉದ್ಯೋಗನಿಮಿತ್ತವಾಗಿ ಊರು ತೊರೆದು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿ, ಈಗ ನಿವೃತ್ತರಾಗಿ ಮಹಡಿಯ ಮೇಲಿನ ಮೂರು ಕೋಣೆಗಳಲ್ಲಿ ಕಾಲ ಕಳೆಯುತ್ತಿರುವ ನಮ್ಮಂಥವರಿಗೆ ಅಂತಹ ಎದುರಾಳಿ ಎಲ್ಲಿಂದ ಬರಬೇಕು?

ಎದುರಾಳಿಗಳು ನೂರಾರು ಹರದಾರಿ ದೂರದಲ್ಲಿದ್ದರೂ ಆಡಬಹುದಾದ, ಅಲ್ಲ, ದೂರದಲ್ಲಿದ್ದರೇ ಹೆಚ್ಚು ರುಚಿಸುವ ಆಟವೊಂದುಂಟು. ಅದನ್ನು ಈ-ಮೇಲ್ ಮೂಲಕ ನಡೆಸಿದ ಅನುಭವವನ್ನೂ, ಅದರಿಂದ ದೊರೆತ ಒಂದು ಆರೋಗ್ಯದ ಪಾಠವನ್ನೂ ವಾಚಕರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಆಟದ ಹುಟ್ಟು ಮತ್ತು ನಿಯಮ

ಆ ಆಟದ ಹೆಸರು ‘ಡಿಪ್ಲೊಮಸಿ’, ರಾಜತಂತ್ರ ಎನ್ನಬಹುದು. ಅಮೆರಿಕದ ಅಲನ್ ಕ್ಯಾಲ್ಹಮರ್ ಎಂಬವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಮೊದಲನೆಯ ಮಹಾಯುದ್ಧದ ಮೂಲಕಾರಣಗಳನ್ನು ಕುರಿತು ಸಿಡ್ನಿ ಫೇ ಬರೆದ ಗ್ರಂಥದಿಂದ ಪ್ರಭಾವಿತರಾದರು. 1954ರಲ್ಲಿ ಆಟವನ್ನು ರೂಪಿಸಿ, 1959ರಲ್ಲಿ ಸ್ವಂತ ಖರ್ಚಿನಿಂದ 500 ಪ್ರತಿಗಳನ್ನು ಹೊರತಂದರು. ಮುಂದೆ ಅವರು ಇಲಿನಾಯ್ ರಾಜ್ಯದಲ್ಲಿ ಅಂಚೆಪೇದೆಯಾಗಿ ದುಡಿದು, 2013ರಲ್ಲಿ ತೀರಿಕೊಂಡರು. ಅವರ ಆಟಕ್ಕೆ ದೀರ್ಘಾಯುಸ್ಸನ್ನು ಕೊಟ್ಟದ್ದೂ ಅಂಚೆಯೇ. 1963ರಲ್ಲಿ ನ್ಯೂಯಾರ್ಕಿನ ಜಾನ್ ಬೋರ್ಡ್‌ಮನ್ ಎಂಬವರು ‘ಗ್ರಾಸ್ಟಾರ್ಕ್’ ಎಂಬ ಪುಟ್ಟ ಪತ್ರಿಕೆಯ ಮೂಲಕ ಇದನ್ನು ಟಪ್ಪಾಲಿನಲ್ಲಿ ಆಡಿಸತೊಡಗಿದರು. 1980ರ ದಶಕದ ಕೊನೆಯಲ್ಲಿ ಕೆನ್ ಲೋ ಎಂಬವರು ಈ-ಮೇಲಿನಲ್ಲಿ ಬಂದ ಆಜ್ಞೆಗಳನ್ನು ತಾನೇ ಓದಿ ತೀರ್ಪು ನೀಡುವ ‘ಜಡ್ಜ್’ ಎಂಬ ಗಣಕ ಕಾರ್ಯಕ್ರಮವನ್ನು ಬರೆದ ಮೇಲೆ ಆಟ ದೇಶದೇಶಗಳಿಗೆ ಹಬ್ಬಿತು.

ಫಲಕದ ಮೇಲಿರುವುದು 1901ರ ಯೂರೋಪಿನ ಭೂಪಟ. ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಇಟಲಿ, ಆಸ್ಟ್ರಿಯ-ಹಂಗೆರಿ, ರಷ್ಯ, ತುರ್ಕಿ ಎಂಬ ಏಳು ರಾಜ್ಯಗಳಿಗೆ ಏಳು ಮಂದಿ ಆಟಗಾರರು. ರಷ್ಯಕ್ಕೆ ನಾಲ್ಕು, ಉಳಿದವರಿಗೆ ಮೂರು ಮೂರು ಪಡೆಗಳು. ಭೂಪಟದಲ್ಲಿ 34 ಪೂರೈಕೆ ಕೇಂದ್ರಗಳಿದ್ದು, 18ನ್ನು ವಶಪಡಿಸಿಕೊಂಡವನು ಗೆದ್ದಂತೆ. ವರ್ಷಕ್ಕೆ ವಸಂತ, ಶರತ್ ಎಂಬ ಎರಡು ನಡೆಗಳು. ಶಕುನಿಯ ಕೈಚಳಕಕ್ಕೆ ಇಲ್ಲಿ ಆಸ್ಪದವಿಲ್ಲ. ಏಕೆಂದರೆ ದಾಳವೇ ಇಲ್ಲ. ಎಲ್ಲ ಪಡೆಗಳ ಬಲವೂ ಒಂದೇ. ಬಲ್ಗೇರಿಯಾದಲ್ಲಿರುವ ತುರ್ಕಿಯ ಸೇನೆಯು ರಷ್ಯದ ಸೇನೆ ಕಾಯುತ್ತಿರುವ ರುಮೇನಿಯಾವನ್ನು ಒಂಟಿಯಾಗಿ ಹಿಡಿಯಲಾರದು. ಕಪ್ಪು ಸಮುದ್ರದಲ್ಲಿರುವ ತನ್ನದೇ ನೌಕಾಪಡೆಯೋ, ಸರ್ಬಿಯಾದಲ್ಲಿರುವ ಆಸ್ಟ್ರಿಯದ ಸೇನೆಯೋ ಬೆಂಬಲ ಕೊಡಬೇಕು. ಆದಕಾರಣ ಮಿತ್ರನಿಲ್ಲದೆ ಯಾರೂ ಬೆಳೆಯಲಾರರು. ಮಿತ್ರನನ್ನು ಎಂದಾದರೊಂದು ದಿನ ವಂಚಿಸದೆ 18ನ್ನು ಮುಟ್ಟುವುದೂ ದುಸ್ಸಾಧ್ಯ. ಏಳು ಮಂದಿಯೂ ಗುಟ್ಟಾಗಿ ಆಜ್ಞೆಗಳನ್ನು ಬರೆದಿಡುತ್ತಾರೆ. ಎಲ್ಲವೂ ಏಕಕಾಲದಲ್ಲಿ ಬಯಲಾಗುತ್ತವೆ. ಕೌಟಿಲ್ಯನ ಸಂಧಿ, ವಿಗ್ರಹ, ದ್ವೈಧೀಭಾವಗಳನ್ನು ಓದಿ ತಿಳಿದವರೂ ಇಲ್ಲಿ ಅವುಗಳನ್ನು ಅನುಭವಿಸಿ ತಿಳಿಯುತ್ತಾರೆ.

ಒಂದೇ ಕೋಣೆಯಲ್ಲಿ ಕುಳಿತು ಆಡಿದರೆ ಯಾರು ಯಾರೊಡನೆ ಮೂಲೆಗೆ ಹೋಗಿ ಪಿಸುಗುಟ್ಟಿದರೆಂದು ಉಳಿದವರಿಗೆ ತಿಳಿದುಬಿಡುತ್ತದೆ. ಪತ್ರದಲ್ಲಿ ಆ ಭಯವಿಲ್ಲ; ಯೋಚಿಸಲು ವ್ಯವಧಾನವೂ ಉಂಟು. ಅಂಚೆಗೆ ಈ ಆಟ ಒಗ್ಗಿದುದು ಇದರಿಂದಲೇ.

ಮಧ್ಯಸ್ಥನ ಧರ್ಮ

2020ರ ಲಾಕ್‌ಡೌನ್ ದಿನಗಳಲ್ಲಿ, ಒಂದು ಕಾಲದಲ್ಲಿ ಒಂದೇ ಹಾಸ್ಟೆಲಿನಲ್ಲಿದ್ದ ನಾವು ಎಂಟು ಮಂದಿ ಈ ಆಟವನ್ನು ಆರಂಭಿಸಿದೆವು. ಮುಂಬಯಿಯಲ್ಲಿ ಇಬ್ಬರು, ಚೆನ್ನೈ, ಹೈದರಾಬಾದು, ದೆಹಲಿ, ಬೆಂಗಳೂರು, ಮೈಸೂರುಗಳಲ್ಲಿ ಒಬ್ಬೊಬ್ಬರು ಆಟಗಾರರು; ಪುಣೆಯಲ್ಲಿದ್ದ ನಾನು ಮಧ್ಯಸ್ಥ. ಯಂತ್ರದ ತೀರ್ಪು ಬೇಡ, ಮನುಷ್ಯನೇ ಇರಲಿ ಎಂದು ಎಲ್ಲರೂ ಹೇಳಿದರು.

ಮಧ್ಯಸ್ಥನ ಕೆಲಸ ಹೊರನೋಟಕ್ಕೆ ಗುಮಾಸ್ತಿಕೆ. ಹತ್ತು ದಿನಗಳಿಗೊಮ್ಮೆ ಭಾನುವಾರವೋ ಬುಧವಾರವೋ ರಾತ್ರಿ ಒಂಬತ್ತಕ್ಕೆ ಎಂದು ಮುಂದಾಗಿಯೇ ಗಡುವನ್ನು ಗೊತ್ತುಪಡಿಸಬೇಕು. ಪ್ರತಿಯೊಂದು ಆಜ್ಞಾಪತ್ರದ ಶಿರೋನಾಮೆಯಲ್ಲಿ ರಾಜ್ಯ, ವರ್ಷ, ಋತು ಇರಬೇಕು. ತಲುಪಿದೆಯೆಂದು ಉತ್ತರಿಸಬೇಕು. ಒಬ್ಬನು ಎಷ್ಟು ಸಲ ಮನಸ್ಸು ಬದಲಿಸಿದರೂ ಗಡುವಿನೊಳಗೆ ಬಂದ ಕೊನೆಯ ಪತ್ರವೇ ಪ್ರಮಾಣ. ಗಡುವು ಕಳೆದ ಮೇಲೆ ಭೂಪಟವನ್ನು ಹಾಸಿ ಯಾರು ಯಾರನ್ನು ತಳ್ಳಿದರು, ಯಾರ ಬೆಂಬಲ ಮುರಿಯಿತು ಎಂದು ಲೆಕ್ಕ ಹಾಕಿ, ಏಳು ಮಂದಿಯ ಆಜ್ಞೆಗಳನ್ನೂ ಫಲಿತಾಂಶವನ್ನೂ ಒಂದೇ ಪತ್ರದಲ್ಲಿ ಎಲ್ಲರಿಗೂ ಕಳುಹಿಸಬೇಕು. ಚೆನ್ನೈಯ ಮಿತ್ರನೊಬ್ಬ ಇಟಲಿಗೆ ಬರೆದ ರಹಸ್ಯ ಸಂಧಿಪತ್ರವನ್ನು ‘ಎಲ್ಲರಿಗೂ ಉತ್ತರಿಸು’ ಎಂಬ ಗುಂಡಿಯೊತ್ತಿ ಆರು ರಾಜಧಾನಿಗಳಿಗೂ ಏಕಕಾಲದಲ್ಲಿ ತಲುಪಿಸಿದುದನ್ನು ನಾವು ಇಂದಿಗೂ ಮರೆತಿಲ್ಲ.

ಆದರೆ ಕಠಿಣವಾದ ನಿಯಮ ಬೇರೊಂದಿದೆ: ಮಧ್ಯಸ್ಥನು ಆಜ್ಞೆಯನ್ನು ತಿದ್ದಕೂಡದು. ಅಸಾಧ್ಯವಾದುದನ್ನು ಬರೆದರೆ ಆ ಪಡೆ ಇದ್ದಲ್ಲಿಯೇ ನಿಲ್ಲುತ್ತದೆ, ಅಷ್ಟೇ. ‘ಇದು ತಪ್ಪಲ್ಲವೇ?’ ಎಂದು ಕೇಳುವುದೂ ಪಕ್ಷಪಾತವೇ. ಏಕೆಂದರೆ ಜಾಣ ಆಟಗಾರರು ಕೆಲವೊಮ್ಮೆ ಬೇಕೆಂದೇ ತಪ್ಪಾಗಿ ಬರೆಯುತ್ತಾರೆ. ಮಿತ್ರನಿಗೆ ಕೊಟ್ಟ ಮಾತನ್ನು ಮುರಿದು, ‘ಅಯ್ಯೋ, ಕೈತಪ್ಪಾಯಿತಪ್ಪ’ ಎಂದು ಜಾರಿಕೊಳ್ಳುವ ಉಪಾಯವದು.

ಮೂರು ತಪ್ಪುಗಳು

ಹೈದರಾಬಾದಿನ ಮಿತ್ರನದು ತುರ್ಕಿ. ಲೆಕ್ಕಪತ್ರ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಗಡುವಿಗೆ ಎರಡು ದಿನ ಮೊದಲೇ ಅವನ ಆಜ್ಞೆಗಳು ಅಂಕಿಗಳ ಪಟ್ಟಿಯಂತೆ ಬಂದು ಬೀಳುತ್ತಿದ್ದವು. ಆಟದ ಕಾಲಮಾನದಲ್ಲಿ 1906ರ ವಸಂತಕ್ಕೆ ಅವನು ಅಂಕಾರಾದಲ್ಲಿದ್ದ ಭೂಸೇನೆಯನ್ನು ಕಪ್ಪು ಸಮುದ್ರಕ್ಕೆ ನಡೆಸಬೇಕೆಂದು ಬರೆದ. ಭೂಸೇನೆ ನೀರಿಗಿಳಿಯಲಾರದೆಂಬುದು ಮೊದಲ ಪಾಠ. ಏನೋ ತಂತ್ರವಿರಬೇಕೆಂದು ನಕ್ಕು ಸುಮ್ಮನಾದೆ. ಶರತ್ತಿನಲ್ಲಿ, ಹಿಂದಿನ ವರ್ಷವೇ ನಾಶವಾಗಿದ್ದ ನೌಕಾಪಡೆಗೆ ಆಜ್ಞೆ ಬರೆದ. 1907ರ ವಸಂತಕ್ಕೆ ಗಡುವು ಕಳೆದು ಮರುದಿನ ಬಂದ ಪತ್ರದಲ್ಲಿ 1905ರ ಆಜ್ಞೆಗಳೇ ಅಕ್ಷರಶಃ ಮರುಕಳಿಸಿದ್ದವು.

ಆ ಪತ್ರಗಳನ್ನು ಒಟ್ಟಾಗಿಟ್ಟು ನೋಡುತ್ತಿದ್ದವನು ನಾನೊಬ್ಬನೇ. ಉಳಿದ ಆರು ಮಂದಿ ಅವನ ನಡೆಗಳಲ್ಲಿ ಗೂಢಾರ್ಥ ಹುಡುಕುತ್ತಿದ್ದರು. ಅವನ ಮನೆಯವರಿಗೆ ಆಟದ ಗಂಧವಿರಲಿಲ್ಲ. ಹೇಳಿದರೆ ಮಧ್ಯಸ್ಥನ ಮಾತು ಕೆಡುತ್ತದೆ. ಅಲ್ಲದೆ ಸ್ವಾಭಿಮಾನಿಯಾದ ಗೆಳೆಯನನ್ನು ಅವನ ಮಗನೆದುರು ಮರೆಗುಳಿಯೆಂದು ದೂರಿದಂತಾಗುತ್ತದೆ. ಹೇಳದಿದ್ದರೆ? ಎರಡು ರಾತ್ರಿ ನಿದ್ರೆ ಬರಲಿಲ್ಲ. ಮೂರನೆಯ ದಿನ ಮೊದಲು ಅವನಿಗೇ ಫೋನು ಮಾಡಿದೆ. ‘ಏನೋ, ಹುಷಾರಾಗಿದ್ದೀಯಾ?’ ಎಂದೆ. ‘ವಯಸ್ಸಾಯ್ತು ಕಣೋ. ಪಾದ ಜುಮ್ಮೆನ್ನುತ್ತೆ, ಚಪ್ಪಲಿ ಕಳಚಿದ್ದೂ ತಿಳಿಯಲ್ಲ’ ಎಂದ. ತುರ್ಕಿಯ ಸುದ್ದಿ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅನಂತರ ಮಗನಿಗೆ ಫೋನು ಮಾಡಿ, ಯಾವ ಆಜ್ಞೆಯ ವಿವರವನ್ನೂ ಹೇಳದೆ, ‘ನಿಮ್ಮ ತಂದೆಯ ಬರವಣಿಗೆಯಲ್ಲಿ ವ್ಯತ್ಯಾಸ ಕಾಣುತ್ತಿದೆ, ಒಮ್ಮೆ ವೈದ್ಯರಿಗೆ ತೋರಿಸಪ್ಪ’ ಎಂದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮಗೂ ಅನುಮಾನವಿತ್ತು ಅಂಕಲ್, ವಯಸ್ಸಿನದೇ ಅಂದ್ಕೊಂಡಿದ್ವಿ’ ಎಂದ.

ಆಟಗಾರರಿಗೆ, ‘ಮಧ್ಯಸ್ಥನ ಸ್ವಂತ ಕಾರಣಗಳಿಂದ ಆಟ ತಾತ್ಕಾಲಿಕವಾಗಿ ನಿಂತಿದೆ’ ಎಂದು ಬರೆದೆ. ಸುಳ್ಳಾಡುವವರ ನಡುವೆ ಸುಳ್ಳಾಡಬಾರದವನು ಆಡಿದ ಸುಳ್ಳು ಅದೊಂದೇ.

ವೈದ್ಯರು ಕಂಡದ್ದು

ರಕ್ತಪರೀಕ್ಷೆಯಲ್ಲಿ ಜೀವಸತ್ವ ಬಿ-12 ತೀರ ಕೆಳಮಟ್ಟದಲ್ಲಿತ್ತು. ಮಿತ್ರನು ಹುಟ್ಟು ಸಸ್ಯಾಹಾರಿ; ಮೇಲಾಗಿ ಮಧುಮೇಹಕ್ಕಾಗಿ ಅನೇಕ ವರ್ಷಗಳಿಂದ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದ. ಈ ಜೀವಸತ್ವವು ಕಾಳು, ತರಕಾರಿ, ಸೊಪ್ಪುಗಳಲ್ಲಿ ಇಲ್ಲವೆಂದೇ ಹೇಳಬೇಕು; ಸಸ್ಯಾಹಾರಿಗಳಿಗೆ ಹಾಲು ಮೊಸರುಗಳೇ ಮುಖ್ಯ ಆಧಾರ. ಮೆಟ್‌ಫಾರ್ಮಿನ್ ಮತ್ತು ಜಠರದ ಆಮ್ಲವನ್ನು ತಗ್ಗಿಸುವ ಮಾತ್ರೆಗಳನ್ನು ಬಹುಕಾಲ ಸೇವಿಸಿದರೆ ದೇಹವು ಅದನ್ನು ಹೀರಿಕೊಳ್ಳುವ ಶಕ್ತಿ ಕುಗ್ಗುತ್ತದೆ. ವಯಸ್ಸಾದಂತೆ ಜಠರದ ಸ್ರಾವವೂ ಕಡಮೆಯಾಗುತ್ತದೆ. ಪಾದಗಳ ಜೋಮು, ನಡೆಯುವಾಗ ತೂಗಾಟ, ಆಯಾಸ, ನಾಲಿಗೆಯ ಉರಿ, ಮಂಕುತನ, ಮರೆವು ಇವೆಲ್ಲ ಅದರ ಕೊರತೆಯ ಲಕ್ಷಣಗಳಾಗಬಹುದು. ರಕ್ತಹೀನತೆ ಕಾಣಿಸದೆಯೂ ನರಗಳು ಕೆಡಬಹುದು. ಕೇವಲ ಫೋಲಿಕ್ ಆಮ್ಲದ ಮಾತ್ರೆ ನುಂಗಿದರೆ ರಕ್ತ ಸುಧಾರಿಸಿದಂತೆ ತೋರಿ ನರಗಳ ಹಾನಿ ಒಳಗೊಳಗೇ ಮುಂದುವರಿಯುವ ಅಪಾಯವೂ ಉಂಟು. ಹಾಗೆಂದು ಮೆಟ್‌ಫಾರ್ಮಿನ್ನನ್ನು ತಾವಾಗಿಯೇ ನಿಲ್ಲಿಸಕೂಡದು. ವೈದ್ಯರನ್ನು ಕೇಳಿ ಬಿ-12ರ ಪರೀಕ್ಷೆ ಮಾಡಿಸಿಕೊಳ್ಳುವುದು ವಿವೇಕ.

ಮರೆವಿಗೆ ಚಿಕಿತ್ಸೆಯಿಂದ ಸುಧಾರಿಸಬಹುದಾದ ಕಾರಣಗಳು ಇನ್ನೂ ಇವೆ: ಥೈರಾಯಿಡ್ ಗ್ರಂಥಿಯ ಮಾಂದ್ಯ, ರಕ್ತದಲ್ಲಿ ಸೋಡಿಯಂ ಇಳಿತ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳ ದುಷ್ಪರಿಣಾಮ, ಎಂದೋ ಜಾರಿಬಿದ್ದು ತಲೆಯೊಳಗೆ ನಿಧಾನವಾಗಿ ರಕ್ತ ಸೇರಿರುವುದು. ಎಲ್ಲ ಮರೆವೂ ಗುಣವಾಗುತ್ತದೆಂದಲ್ಲ. ತಡವಾದಷ್ಟೂ ಪೂರ್ಣ ಚೇತರಿಕೆಯ ಆಸೆ ಕ್ಷೀಣಿಸುತ್ತದೆ. ಆದಕಾರಣ ‘ವಯಸ್ಸಿನದು’ ಎಂಬ ತೀರ್ಪನ್ನು ನಾವು ಕೊಡುವುದಕ್ಕೆ ಮೊದಲು ವೈದ್ಯರು ನೋಡಲಿ.

ಆಟವಾಡಿದರೆ ಮರೆವು ಬಾರದೇ ಎಂದು ಹಲವರು ಕೇಳುತ್ತಾರೆ. 75 ದಾಟಿದ 469 ಮಂದಿಯನ್ನು ಕುರಿತು 2003ರಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಓದು, ಫಲಕದ ಆಟ, ವಾದ್ಯವಾದನ, ನೃತ್ಯಗಳಲ್ಲಿ ತೊಡಗಿದ್ದವರಿಗೆ ಚಿತ್ತವೈಕಲ್ಯದ ಸಂಭವ ಕಡಮೆಯೆಂದು ಕಂಡುಬಂದಿತು. ಆದರೆ ಆಟವೇ ಕಾಪಾಡಿತೋ, ಮೆದುಳು ಚೆನ್ನಾಗಿದ್ದವರೇ ಆಟವನ್ನು ಮುಂದುವರಿಸಿದರೋ ಎಂಬುದು ಅಷ್ಟರಿಂದಲೇ ಸಿದ್ಧವಾಗುವುದಿಲ್ಲ. ನನ್ನ ಅನುಭವ ಹೇಳುವುದು ಬೇರೆ ಮಾತು: ಹತ್ತು ದಿನಗಳಿಗೊಮ್ಮೆ ಒಬ್ಬರ ಕೈಬರಹವನ್ನೋ ಲೆಕ್ಕಾಚಾರವನ್ನೋ ಗಮನವಿಟ್ಟು ನೋಡುವ ಇನ್ನೊಬ್ಬರಿದ್ದರೆ, ಒಂಟಿಯಾಗಿರುವ ಹಿರಿಯರ ಕುಂದು ಬೇಗನೆ ಬೆಳಕಿಗೆ ಬರುತ್ತದೆ.

ಮತ್ತೆ ಭೂಪಟ

ಚುಚ್ಚುಮದ್ದು ಆರಂಭವಾಗಿ ನಾಲ್ಕು ತಿಂಗಳಾದ ಮೇಲೆ ಮಿತ್ರನೇ ಫೋನು ಮಾಡಿ, ‘ನನ್ನಿಂದ ನಿಲ್ಲಿಸಿದ್ದೀಯ ಅಂತ ಗೊತ್ತು, ಶುರು ಮಾಡು’ ಎಂದ. ಪಾದದ ಜೋಮು ಪೂರ್ತಿ ಹೋಗಿರಲಿಲ್ಲ; ಇಂದಿಗೂ ಕೋಲು ಹಿಡಿದೇ ನಡೆಯುತ್ತಾನೆ. ಆಟ 1907ರಿಂದ ಮುಂದುವರಿಯಿತು. ನನ್ನ ಸ್ವಂತ ಕಾರಣವೇನಿತ್ತೆಂದು ಆರು ಮಂದಿಯಲ್ಲಿ ಯಾರೂ ಕೇಳಲಿಲ್ಲ.

ಆ ವರ್ಷದ ಶರತ್ತಿನ ಗಡುವಿಗೆ ಎರಡು ದಿನ ಮೊದಲೇ ತುರ್ಕಿಯ ಆಜ್ಞಾಪತ್ರ ಬಂದಿತು. ಆರು ವರ್ಷ ಜೊತೆಗಾರನಾಗಿದ್ದ ಆಸ್ಟ್ರಿಯದ ಸರ್ಬಿಯಾದ ಮೇಲೆ ಬಲ್ಗೇರಿಯಾದ ಸೇನೆಯ ದಾಳಿ, ಅದಕ್ಕೆ ಗ್ರೀಸಿನಿಂದ ಬೆಂಬಲ. ಒಂದು ಅಕ್ಷರವೂ ತಪ್ಪಿರಲಿಲ್ಲ. ಫಲಿತಾಂಶ ಕಳುಹಿಸಿದ ಹತ್ತೇ ನಿಮಿಷಗಳಲ್ಲಿ ಆಸ್ಟ್ರಿಯವನ್ನು ಆಳುತ್ತಿದ್ದ ದೆಹಲಿಯ ಮಿತ್ರನು ಕೋಪದಿಂದ ಕೂಗುತ್ತ ಫೋನು ಮಾಡಿದ. ಅವನ ಬೈಗುಳವನ್ನು ನಾನು ಅಷ್ಟು ಸಂತೋಷದಿಂದ ಎಂದೂ ಕೇಳಿರಲಿಲ್ಲ.